ವಿಮಾನದ ಎಡಗಾಲು

ಊರುಗೋಲಿನ ಬುಡಕ್ಕೆ ಹಾಕುವ ರಬ್ಬರ್ ತುಂಡನ್ನು ನೀವು ಕೈಯಲ್ಲಿ ಹಿಡಿದು ನೋಡಿದ್ದೀರೋ ಇಲ್ಲವೋ. ರಾಣೆಬೆನ್ನೂರಿನ ಅಂಗಡಿಯವನು ಅದನ್ನು ಬುಶ್ ಎಂದ. ನನಗದು ಪಾದಕ್ಕೆ ತೊಡಿಸುವ ಟೊಪ್ಪಿಗೆಯಂತೆ ಕಂಡಿತು. ಬ್ಯಾಡಗಿಯಲ್ಲಿ ಕಾಕಾ ಅವರ ಮನೆಯ ನೆಲವೆಲ್ಲ ನುಣುಪಾದ ಫರಸಿಕಲ್ಲು, ಬರಿಯ ಕೋಲು ಅದರ ಮೇಲೆ ಜಾರುತ್ತದೆ. ಹಾಗಾಗಿ ಒಂದನ್ನು ಕೊಂಡು, ಬಸ್ಸಿನಲ್ಲಿ ಬೆರಳಿಗೆ ಸಿಕ್ಕಿಸಿ ತಿರುಗಿಸುತ್ತ, ಕಾಲು ಊರುವ ಕ್ರಿಯೆಯೂ ನಾವು ಬದುಕುವ ಊರೂ ಒಂದೇ ಅಕ್ಷರಗಳಲ್ಲಿ ಹೇಗೆ ಬಂದು ಕೂತವು ಎಂದು ಯೋಚಿಸಿದೆ. ಉತ್ತರ ಹೊಳೆಯುವ ಮೊದಲೇ ಬ್ಯಾಡಗಿ ಬಂತು. ಮೆಣಸಿನಕಾಯಿ ಘಾಟಿಗೆ ಅರ್ಧ ಬಸ್ಸು ಸೀನಿತು.

ಕಾಕಾ ನನ್ನ ತಂದೆಯ ತಮ್ಮ, ವಾಯುಪಡೆಯಲ್ಲಿ ವಿಮಾನ ಹಾರಿಸಿ ನಿವೃತ್ತರಾದವರು. ಎಡ ಮೊಣಕಾಲಿಗೆ ಶಸ್ತ್ರಚಿಕಿತ್ಸೆಯಾಗಿ ವಾರಗಳಾಗಿದ್ದರೂ ಆ ಕಾಲನ್ನು ನೆಲಕ್ಕೆ ಊರಲು ಒಪ್ಪುತ್ತಿರಲಿಲ್ಲ. ವಾಕರ್ ಹಿಡಿದು ಬಲಗಾಲಿನಲ್ಲೇ ಕುಪ್ಪಳಿಸುತ್ತ ಬಚ್ಚಲಿಗೆ ಹೋಗಿಬರುವುದೇ ಅವರ ನಡಿಗೆ. ಮುಂದಿನ ಭೇಟಿಯೊಳಗೆ ಭಾರ ಹಾಕಿ ನಡೆಯದಿದ್ದರೆ ಕೀಲು ಬಿಗಿದುಕೊಳ್ಳುತ್ತದೆ, ಮತ್ತೆ ಅರಿವಳಿಕೆ ಕೊಟ್ಟು ಬಗ್ಗಿಸಬೇಕಾಗುತ್ತದೆ ಎಂದು ಹಾವೇರಿಯ ವೈದ್ಯರು ಹೇಳಿದ್ದರು. ಅವರ ವಯಸ್ಸಿಗೂ ಹೃದಯಕ್ಕೂ ಇನ್ನೊಂದು ಅರಿವಳಿಕೆ ಸಣ್ಣ ಮಾತಲ್ಲ.

ಕಾಕಾ ಹಾರಲು ಕಲಿತದ್ದು ಹಳೆಯ ಕಾಲದ ತರಬೇತಿ ವಿಮಾನದಲ್ಲಿ. ಮುಂದೆ ಎರಡು ಕಾಲು, ಬಾಲದಡಿಗೊಂದು ಪುಟ್ಟ ಗಾಲಿ. ಹಾರುವಾಗ ಮುಂದಿನ ಕಾಲುಗಳು ರೆಕ್ಕೆಯೊಳಗೆ ಮಡಚಿಕೊಳ್ಳುತ್ತವೆ. ಇಳಿಯುವಾಗ ಅವನ್ನು ಬಿಚ್ಚಿ, ಮೂಗು ಎತ್ತಿ ಹಿಡಿದು ವೇಗ ಕಳೆಯುತ್ತ ಬಂದು, ಇನ್ನು ಹಾರಲಾರೆ ಎಂದು ವಿಮಾನ ಕೈಚೆಲ್ಲುವ ಕ್ಷಣಕ್ಕೆ ಸರಿಯಾಗಿ ಮೂರನ್ನೂ ಒಟ್ಟಿಗೆ ನೆಲಕ್ಕೆ ಊರಬೇಕು. ಮೂಗು ಮೇಲಿರುವುದರಿಂದ ಎದುರಿನ ರನ್‌ವೇ ಕಾಣುವುದಿಲ್ಲ. ಅಕ್ಕಪಕ್ಕದ ಹುಲ್ಲಿನ ಅಂಚು ನೋಡಿಯೇ ನೇರ ಸಾಗಬೇಕು. ಭಾರವೆಲ್ಲ ಮುಂದಿನ ಕಾಲುಗಳ ಹಿಂದಿರುವ ಕಾರಣ, ನೆಲ ಮುಟ್ಟಿದ ಮೇಲೂ ಬಾಲ ತಾನೇ ಮುಂದಾಗಲು ಹವಣಿಸುತ್ತದೆ. ಪೂರ್ತಿ ನಿಲ್ಲುವವರೆಗೆ ಎರಡೂ ಪಾದಗಳು ಪೆಡಲುಗಳ ಮೇಲೆ ಎಚ್ಚರವಾಗಿರಬೇಕು.

ಒಮ್ಮೆ ಒಂದು ಕಾಲಿನ ಹಸಿರು ದೀಪ ಹತ್ತಲಿಲ್ಲ. ದೀಪ ಹತ್ತಿದರೆ ಆ ಕಾಲು ಬಿಚ್ಚಿ ಗಟ್ಟಿಯಾಗಿ ಕೂತಿದೆ ಎಂದರ್ಥ. ಕಾಕಾ ಕಾಲು ಬಿಚ್ಚುವ ಕೈಪಂಪು ಒತ್ತಿದರು, ವಿಮಾನವನ್ನು ಅತ್ತಿತ್ತ ಜಾಡಿಸಿದರು. ಕಾಲು ಹೊರಗೆ ಬಂದದ್ದು ಕಾಣುತ್ತದೆ, ಗಟ್ಟಿಯಾಗಿದೆಯೋ ಇಲ್ಲವೋ ಹೇಳಲಾರೆವು ಎಂದರು ದುರ್ಬೀನು ಹಿಡಿದ ಕೆಳಗಿನವರು. ಆಮೇಲೆ ನಂಬಿಕೆಯ ಕಾಲಿನ ಮೇಲೆ ಇಳಿದು, ಸಂಶಯದ ಕಡೆಯ ರೆಕ್ಕೆಯನ್ನು ಆದಷ್ಟು ಹೊತ್ತು ಎತ್ತಿ ಹಿಡಿದರು. ವಿಮಾನ ಗಿರಕಿ ಹೊಡೆದು ಹುಲ್ಲಿಗೆ ಬಂದು ನಿಂತಿತು. ರೆಕ್ಕೆಯ ತುದಿ ತರಚಿತು, ಕಾಕಾ ಉಳಿದರು.

ಕೆಟ್ಟದ್ದು ಯಾವ ಕಾಲು? ಹುಡುಗನಾಗಿದ್ದಾಗ ನಾನು ಕೇಳಿದ್ದು ಬಲಗಾಲು ಎಂದು. ಕಾಕಾ ಒಂದು ತೋಳನ್ನು ರೆಕ್ಕೆಯಂತೆ ಎತ್ತಿ ತೋರಿಸಿದ್ದು ಕಣ್ಣಿಗೆ ಕಟ್ಟಿದೆ. ಆದರೆ ನಾನು ಕುಳಿತದ್ದು ಅವರ ಎದುರಿಗೆ. ಅವರ ಎಡ ನನಗೆ ಬಲ. ಕಣ್ಣಿಗೆ ಕಟ್ಟಿದ್ದನ್ನು ಇಂಥ ಕಾರಣಕ್ಕೇ ನಾನು ನಂಬುವುದಿಲ್ಲ.

ಮನೆಯಲ್ಲಿದ್ದ ಕೋಲಿಗೆ ಬುಶ್ ತೊಡಿಸಿ ಕಾಕಾ ಅವರ ಕೈಗೆ ಕೊಟ್ಟ ದಿನ ವ್ಯಾಯಾಮ ಕಲಿಸುವ ಹುಡುಗಿ ಬಂದಿದ್ದಳು. "ಅಜ್ಜಾರ, ಕೋಲು ಬಲಗೈಯಾಗ ಹಿಡೀರಿ. ಎಡಗಾಲ ಇಡೋ ಮುಂದ ಕೋಲೂ ಅದರ ಜೋಡೀನ ಊರ್ರಿ."

"ಕೆಟ್ಟದ್ದು ಎಡಕ್ಕ, ಆಸರಾ ಬಲಕ್ಕ? ಯಾರ ಕಲಿಸ್ಯಾರವಾ ನಿನಗ?" ಎಂದ ಕಾಕಾ ಕೋಲನ್ನು ಎಡಗೈಯಲ್ಲೇ ಹಿಡಿದು, ಎಡಗಾಲನ್ನು ಎತ್ತಿಕೊಂಡು ನಿಂತು, ಹಾಗೇ ಮಂಚಕ್ಕೆ ಕುಸಿದರು. "ಅವತ್ತ ಎಡಗಾಲ ನಂಬಿದ್ರ ನಾ ಇವತ್ತ ಇರ್ತಿರ್ಲಿಲ್ಲ."

ಕಾಕಿ ಮೊರದಲ್ಲಿ ಮೆಣಸಿನಕಾಯಿಯ ತೊಟ್ಟು ಮುರಿಯುತ್ತ ಕುಳಿತಿದ್ದರು. "ಮೊದಲ ಬಲಗಾಲ ಅಂತಿದ್ರಿ. ಕಾಲ ಯಾವಾಗ ಬದ್ಲಾತು?"

ನಮ್ಮ ಕಡೆಯ ಮಾತಿನಲ್ಲಿ ಕಾಲೂ ಕಾಲವೂ ಒಂದೇ ಆಗಿಬಿಡುತ್ತವೆ. ಮೊಣಕಾಲು ನೋಯುವ ಕಡೆಗೆ ನೆನಪು ವಾಲುವುದಾದರೆ ವಿಮಾನದ್ದೂ ಎಡಗಾಲೇ ಆಗಬೇಕು. ಕಾಕಾ ಸುಳ್ಳು ಹೇಳುತ್ತಿರಲಿಲ್ಲ; ಹೊಸ ನೋವು ಹಳೆಯ ಕಥೆಯೊಳಗೆ ಜಾಗ ಮಾಡಿಕೊಂಡಿತ್ತು, ಅಷ್ಟೆ.

"ಎಡರ ಇರ್ಲಿ, ಬಲರ ಇರ್ಲಿ," ಕಾಕಿ ತಲೆಯೆತ್ತಲಿಲ್ಲ. "ಕಾಲೇನೂ ಕೆಟ್ಟಿರ್ಲಿಲ್ಲ. ದೀಪದ ಬಲ್ಬ್ ಸುಟ್ಟಿತ್ತು. ಮರುದಿನ ನೋಡಿದ್ರ ಕಾಲ ಗಟ್ಟಿ ಇತ್ತು. ನೀವು ಅದನ್ನ ನಂಬಲಾರದ ಎತ್ತಿ ಹಿಡಿದ್ರಿ, ಅದಕ್ಕ ವಿಮಾನ ಗಿರಕಿ ಹೊಡೀತು. ನೀವ ಹೇಳಿದ್ದು."

"ನಾ ಯಾವಾಗ ಹೇಳೇನಿ?"

"ಮದುವಿ ಆದ ಹೊಸದಾಗಿ. ಆವಾಗಿನ್ನೂ ನೀವು ಖರೇ ಹೇಳ್ತಿದ್ರಿ."

ಹುಡುಗಿ ನಗು ತಡೆದುಕೊಳ್ಳಲು ಕಿಟಕಿಯ ಕಡೆ ತಿರುಗಿದಳು. ಕಾಕಾ ನಗಲಿಲ್ಲ. ಮೊಣಕಾಲನ್ನು ಅಂಗೈಯಿಂದ ಒತ್ತಿ ನೋಡಿದರು.

"ಡಾಕ್ಟರ್ ಎಕ್ಸ್‌ರೇ ತಗದು ಕಾಲ ಗಟ್ಟಿ ಐತಿ ಅಂದಾರ," ಎಂದರು ಕಾಕಿ. "ಈಗೂ ನಿಮ್ಮ ಬಲ್ಬ್ ಸುಟ್ಟೈತಿ ನೋಡ್ರಿ."

ಕಾಕಾ ಕೋಲನ್ನು ಎಡಗೈಯಿಂದ ಬಲಗೈಗೆ ದಾಟಿಸಿದರು. ಎದ್ದರು. ಎಡಗಾಲನ್ನೂ ಕೋಲನ್ನೂ ಒಟ್ಟಿಗೆ ಮುಂದಿಟ್ಟರು. ಹೊಸ ರಬ್ಬರು ಫರಸಿಯ ಮೇಲೆ ಕಿರ್ರೆಂದಿತು. ಮುಖ ಕಿವುಚಿಕೊಂಡರು, ಆದರೆ ಎತ್ತಿಕೊಳ್ಳಲಿಲ್ಲ. ಬಲಗಾಲು ಹಿಂದಿನಿಂದ ಬಂದು ಸೇರಿತು. ಎರಡು ಕಾಲು, ಒಂದು ರಬ್ಬರು. ಮೂರೂ ನೆಲದ ಮೇಲಿದ್ದವು. ಕಾಕಿಯ ಬೆರಳುಗಳು ಒಂದು ತೊಟ್ಟನ್ನು ಹಿಡಿದು ಮುರಿಯದೆ ಹಾಗೇ ನಿಂತಿದ್ದವು.

ಆಮೇಲೆ ಅಡುಗೆಮನೆಯಲ್ಲಿ ಕೇಳಿದೆ, ಕಾಕಾ ಖರೇನೇ ಬಲ್ಬಿನ ಮಾತು ಹೇಳಿದ್ದರೇ ಎಂದು.

"ಹೇಳಿರಬೇಕು," ಎಂದರು ಕಾಕಿ. "ಹೇಳಿರದಿದ್ರ ಈಗ ಹೇಳ್ಯಾರಂತ ತಿಳ್ಕೋ." ಸೀನಿದರು. ಅದು ಘಾಟಿಗೋ ನನ್ನ ಪ್ರಶ್ನೆಗೋ ತಿಳಿಯಲಿಲ್ಲ. ಮುಂದಿನ ಭೇಟಿಯ ದಿನ ಹಾವೇರಿಯ ವೈದ್ಯರ ಕೋಣೆಗೆ ಕಾಕಾ ಕೋಲು ಹಿಡಿದು ನಡೆದೇ ಹೋದರು. ಅರಿವಳಿಕೆಯ ಮಾತು ಅಲ್ಲಿಗೆ ನಿಂತಿತು.

ಮೊನ್ನೆ ಹೋದಾಗ ಬುಶ್ ಸವೆದುಹೋಗಿತ್ತು. ಯಾವ ಅಂಚು ಹೆಚ್ಚು ಸವೆದಿದೆ, ಯಾವ ಕೈಯಲ್ಲಿ ಹಿಡಿದು ನಡೆದಿದ್ದಾರೆ ಎಂಬುದನ್ನು ಅದಾದರೂ ಹೇಳೀತೆಂದು ಬಿಚ್ಚಿ ನೋಡಿದೆ. ದುಂಡಗಿನ ವಸ್ತು, ಕೋಲಿನ ಬುಡದಲ್ಲಿ ತಿರುಗುತ್ತ ತಿರುಗುತ್ತ ಸುತ್ತಲೂ ಒಂದೇ ಸಮ ಸವೆದಿತ್ತು. ಹೊಸದು ತರುತ್ತೇನೆಂದು ಹೊರಟೆ. ಕಾಕಾ ನನ್ನ ಹಿಂದೆಯೇ ಗೇಟಿನವರೆಗೂ ಬಂದು ನಿಂತು ಹೇಳಿದರು: "ಒಂದ ಸಾಲೂದಿಲ್ಲ, ತಿರುಗಾಟ ಭಾಳ ಆಗೇತಿ. ಎರಡು ತಗೊಂಡು ಬಾ."