ಹಿಂದಕ್ಕೆ ನೋಡುತ್ತಿದ್ದ ಮೇಷ್ಟ್ರು

ಹುಣಸೂರಿನ ಕಾಲೇಜಿನಲ್ಲಿ ನಮಗೆ ಭೌತಶಾಸ್ತ್ರ ಹೇಳುತ್ತಿದ್ದ ಮೇಷ್ಟ್ರು ಪಿರಿಯಾಪಟ್ಟಣದಿಂದ ನಮ್ಮ ಬಸ್ಸಿನಲ್ಲೇ ಬರುತ್ತಿದ್ದರು. ಬಸ್ಸು ಗಕ್ಕನೆ ನಿಂತರೆ ನಾವೆಲ್ಲ ಮುಂದಕ್ಕೆ ಕತ್ತು ಚಾಚುತ್ತಿದ್ದೆವು. ಅವರು ಮಾತ್ರ ಛತ್ರಿಯನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಹಿಂದಿನ ಗಾಜಿನತ್ತ ತಿರುಗುತ್ತಿದ್ದರು.

"ಗಾಡಿ ಮುಂದಕ್ಕೋಯ್ತದೆ, ನಿಲ್ಲೋದು ಹಿಂದಕ್ಕೆ ಬತ್ತದೆ ಕಣ್ರಯ್ಯಾ. ಅದೂ ಒಂದು ಅಲೆ."

ಪಾಠದಲ್ಲೂ ಅದೇ ಮಾತು, ಬಸ್ಸಿನಲ್ಲೂ ಅದೇ. ನಾವು ನಗುತ್ತಿದ್ದೆವು.

ಅದು ಹುರುಳಿ ಒಕ್ಕಣೆಯ ಕಾಲ. ಗಾಡಿಗಳ ಚಕ್ರಕ್ಕೆ ಸಿಕ್ಕಿ ಕಾಳು ಬಿಡಲೆಂದು ನಮ್ಮ ಕಡೆ ಟಾರು ರಸ್ತೆಯ ಮೇಲೇ ಹುರುಳಿ ಹರಡುತ್ತಾರೆ. ಆ ಬೆಳಿಗ್ಗೆ ಮುಂದೆಲ್ಲೋ ಒಂದು ಕಾರು ಅದರ ಮೇಲೆ ಜಾರಿ ನಿಂತಿತ್ತು. ಅದರ ಹಿಂದೆ ಒಂದೊಂದೇ ಗಾಡಿ ನಿಲ್ಲುತ್ತ ಬಂದು, ತಿರುವು ದಾಟಿದ ಕೂಡಲೇ ನಮ್ಮ ಬಸ್ಸೂ ನಿಂತಿತು. ಮೇಷ್ಟ್ರು ಹಿಂದಕ್ಕೆ ನೋಡಿದವರೇ ಬಿಳಚಿಕೊಂಡರು.

"ಬಾಗ್ಲು ತೆಗಿಯಯ್ಯಾ!"

ಇಳಿದು, ಛತ್ರಿ ಬಿಚ್ಚಿ ಬೀಸುತ್ತ ತಿರುವಿನತ್ತ ಓಡಿದರು.

"ಮೇಷ್ಟ್ರಿಗೇನಾಯ್ತ್ಲಾ?" ಎಂದು ಯಾರೋ ನಕ್ಕರು.

ಆ ನಗು ಮುಗಿಯುವ ಮೊದಲೇ ಮರದ ದಿಮ್ಮಿ ಹೇರಿದ ಲಾರಿಯೊಂದು ತಿರುವಿನಲ್ಲಿ ಬಂತು. ಬ್ರೇಕು ಕಿರುಚಿತು. ನಮ್ಮ ಬಸ್ಸಿಗೆ ಒಂದು ಮಾರು ದೂರದಲ್ಲಿ ಲಾರಿ ನಿಂತಿತು. ಮೇಷ್ಟ್ರು ಅದರ ಚಕ್ರದ ಕೆಳಗಿದ್ದರು. ಛತ್ರಿ ರಸ್ತೆಯ ಮೇಲೆ ಇನ್ನೂ ತಿರುಗುತ್ತಿತ್ತು.

ಮೇಷ್ಟ್ರನ್ನು ಆಸ್ಪತ್ರೆಗೆ ಸಾಗಿಸಲು ಮುಂದೆ ನಿಂತಿದ್ದ ಆ ಕಾರು ಸಿಕ್ಕೀತೆಂದು ನಾನು ಓಡಿದೆ. ಹುರುಳಿ ಹರಡಿದ್ದ ಜಾಗ ಆಗಲೇ ಚೊಕ್ಕಟವಾಗಿತ್ತು, ಗಾಡಿಗಳು ಸರಾಗವಾಗಿ ಹೋಗುತ್ತಿದ್ದವು. ಪೊರಕೆ ಹಿಡಿದಿದ್ದ ಹೆಂಗಸು ನನ್ನ ಮುಖ ನೋಡಿ ಗಾಬರಿಯಾದಳು.

"ಯಾಕಣ್ಣ ಅಂಗ್ ಓಡ್ತಿದ್ದೀಯ? ಎಲ್ಲಾ ಬಾಚ್ಕೊಂಡ್ಬುಟ್ಟೆ. ಇಲ್ಲೇನೂ ಆಗ್ಲಿಲ್ಲ ಕಣಣ್ಣ."