ಇಂಬಳವೂ ಹತ್ತು ನಿಮಿಷದ ಪಿಲಾಟಿಸ್ಸೂ

ನನಗೆ ಸೀನು ಬಂದರೆ ಮೊದಲು ಸೌಟು ಕೆಳಗಿಡುತ್ತಿದ್ದೆ, ಆಮೇಲೆ ಕಾಲಿಗೆ ಕಾಲು ಹೆಣೆಯುತ್ತಿದ್ದೆ, ಆಮೇಲೆ ಸೀನುತ್ತಿದ್ದೆ. ಇಷ್ಟನ್ನೂ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಸುವ ಅಭ್ಯಾಸ ಎರಡನೇ ಹೆರಿಗೆಯ ನಂತರ ಬಂದದ್ದು. ಆ ಮಗು ಈಗ ಮೀಸೆ ಬಿಟ್ಟುಕೊಂಡು ಮಂಗಳೂರಿನ ಕಾಲೇಜಿನಲ್ಲಿದೆ. ಕಾಲು ಹೆಣೆಯುವುದು ತಡವಾದರೆ ಏನಾಗುತ್ತಿತ್ತು ಎನ್ನುವುದನ್ನು ಸುತ್ತಿ ಬಳಸಿ ಹೇಳುವವಳಲ್ಲ ನಾನು: ಸೀರೆ ಒದ್ದೆಯಾಗುತ್ತಿತ್ತು. ಕೆಮ್ಮಿದರೂ ಅಷ್ಟೆ, ಹೊಟ್ಟೆ ತುಂಬ ನಕ್ಕರೂ ಅಷ್ಟೆ. ಈಗ ಹೀಗೆ ಧೈರ್ಯವಾಗಿ ಬರೆಯುತ್ತಿದ್ದೇನೆ, ಆಗ ಗಂಡನಿಗೂ ಹೇಳಿರಲಿಲ್ಲ.

ಮೂಡಿಗೆರೆಯಿಂದ ಸ್ವಲ್ಪ ಒಳಗೆ ನಮ್ಮ ಸಣ್ಣ ಕಾಫಿ ತೋಟ. ತೋಟದಲ್ಲಿ ಎರಡು ಕೋಣೆಯ ಹೋಂಸ್ಟೇ, ರಸ್ತೆ ಬದಿಗೆ ನಮ್ಮವರ ಗ್ಯಾರೇಜು. ಬಂದವರಿಗೆ ಕಡುಬು, ಅಕ್ಕಿರೊಟ್ಟಿ ಮಾಡಿ ಬಡಿಸುವುದು, ಹಾಸಿಗೆ ಬದಲಿಸುವುದು, ನೆಟ್‌ವರ್ಕ್ ಎಲ್ಲಿ ಸಿಗುತ್ತದೆ ಎಂದು ಕೇಳಿದವರಿಗೆ ಹಲಸಿನ ಮರದ ಬುಡ ತೋರಿಸುವುದು ನನ್ನ ಕೆಲಸ.

ನನ್ನ ಒಬ್ಬಳೇ ಅಕ್ಕನನ್ನು ಕೊಟ್ಟಿದ್ದು ಸಂಸೆಗೆ. ಬಸ್ಸಿನಲ್ಲಿ ಕಳಸಕ್ಕೆ ಹೋಗಿ ಅಲ್ಲಿಂದ ಜೀಪು ಹಿಡಿಯಬೇಕು. ಅವಳ ಮನೆಗೆ ಹತ್ತುವ ಆ ಮಣ್ಣಿನ ದಾರಿಯಲ್ಲಿ ಗಟ್ಟಿಮುಟ್ಟಾದವರ ಕರುಳೇ ಜಾಗ ಬಿಟ್ಟು ಏಳುತ್ತದೆ, ಇನ್ನು ನನ್ನ ಗತಿ ಏನು? ಹಾಗಾಗಿ ಅಕ್ಕನ ಗೃಹಪ್ರವೇಶಕ್ಕೆ ನನಗೆ ಜ್ವರ ಬಂತು, ಭಾವನ ಅರವತ್ತರ ಶಾಂತಿಗೆ ಗೆಸ್ಟುಗಳು ಬಂದರು, ಅವಳ ಮಗಳ ನಿಶ್ಚಿತಾರ್ಥಕ್ಕೆ ನಮ್ಮ ಹಸು ಕರು ಹಾಕಿತು. ಅವಳೂ ನಮ್ಮ ಕಡೆ ತಲೆ ಹಾಕುತ್ತಿರಲಿಲ್ಲ. ನಮ್ಮ ನೆಂಟಸ್ತಿಕೆ ನಡೆಯುತ್ತಿದ್ದುದು ಕಳಸದ ಬಸ್ಸಿನ ಕಂಡಕ್ಟರನ ಮೂಲಕ. ಅವಳು ಅವನ ಕೈಲಿ ಮಿಡಿ ಉಪ್ಪಿನಕಾಯಿ ಕೊಟ್ಟು ಕಳಿಸುತ್ತಿದ್ದಳು, ನಾನು ಕಾಫಿಪುಡಿ ಕೊಟ್ಟು ಕಳಿಸುತ್ತಿದ್ದೆ.

ನಿಶ್ಚಿತಾರ್ಥದ ಮಾರನೆಯ ದಿನ ಅಕ್ಕ ಫೋನು ಮಾಡಿದಳು. “ಮದುವೆ ದೀಪಾವಳಿ ಕಳೆದ ಮೇಲೆ. ಆಗ್ಲೂ ನಿಮ್ಮ ಹಸು ಕರು ಹಾಕಿದ್ರೆ ಆ ಕರೂನೇ ನನ್ನ ತಂಗಿ ಅಂದ್ಕೋತೀನಿ. ನಿಂಗೂ ನಂಗೂ ಅಲ್ಲಿಗೆ ಮುಗೀತು” ಎಂದು ಇಟ್ಟುಬಿಟ್ಟಳು. ಅಕ್ಕ ಸಿಟ್ಟಿನಲ್ಲಿ ಆಡಿದ್ದನ್ನು ಮಾಡಿ ತೋರಿಸುವವಳು. ನನಗೆ ನಿಜವಾಗಿಯೂ ಹೆದರಿಕೆಯಾಯಿತು.

ಅದಾಗಿ ಕೆಲವು ದಿನಕ್ಕೆ ಬಂದ ಗೆಸ್ಟುಗಳಲ್ಲಿ ಒಬ್ಬಳು ಫಿಸಿಯೋಥೆರಪಿ ಡಾಕ್ಟರು. ತಿಂಡಿ ಹೊತ್ತಿನಲ್ಲಿ ಒಗ್ಗರಣೆಯ ಘಾಟಿಗೆ ನಾನು ಸೀನಿದ್ದನ್ನು ಆ ಹುಡುಗಿ ನೋಡಿದಳು.

“ಆಂಟಿ, ಸೀನೋವಾಗ ಕಾಲು ಯಾಕೆ ಹಾಗೆ ಹಿಡ್ಕೋತೀರಾ?”

“ನಮ್ ಕಡೆ ಹಾಗೇ ಸೀನೋದು.”

ಅವಳು ನಗಲಿಲ್ಲ. ಎದ್ದು ಬಂದು ಅಡುಗೆಮನೆ ಬಾಗಿಲು ಹಾಕಿ, ಮೆಲ್ಲಗೆ ಒಂದೆರಡು ಪ್ರಶ್ನೆ ಕೇಳಿದಳು. ಇಷ್ಟು ವರ್ಷ ಯಾರಿಗೂ ಹೇಳದ್ದನ್ನು ಎರಡು ದಿನದ ಗೆಸ್ಟಿಗೆ ಹೇಳಿಬಿಟ್ಟೆ, ಅಕ್ಕನ ಮನೆಯ ಮದುವೆಯ ವಿಷಯವನ್ನೂ. ಅವಳು ಅಲ್ಲೇ ಚಾಪೆ ಹಾಸಿ ಅಂಗಾತ ಮಲಗಿ ತೋರಿಸಿದಳು. ಮಂಡಿ ಮಡಚಬೇಕು, ಉಸಿರು ಎಳೆಯಬೇಕು, ಬಾಯಲ್ಲಿ ಉಸಿರು ಬಿಡುತ್ತಾ ಕೆಳಗಿನ ಸ್ನಾಯುವನ್ನು ಒಳಕ್ಕೆ ಮೇಲಕ್ಕೆ ಎತ್ತಬೇಕು, ಜೊತೆಗೆ ಸೊಂಟವನ್ನೂ ಎತ್ತಬೇಕು. ಪಿಲಾಟಿಸ್ ಅಂತೆ ಅದರ ಹೆಸರು. “ಒಳಗೊಂದು ಲಿಫ್ಟ್ ಮೆಲ್ಲಗೆ ಮೇಲಕ್ಕೆ ಹೋಗ್ತಿದೆ ಅಂದ್ಕೊಳ್ಳಿ” ಎಂದಳು. ನಾನು ಲಿಫ್ಟ್ ಹತ್ತಿದ್ದು ಜನ್ಮದಲ್ಲಿ ಒಂದೇ ಸಲ, ಚಿಕ್ಕಮಗಳೂರಿನಲ್ಲಿ. ಅದು ಅರ್ಧದಲ್ಲಿ ಕೆಟ್ಟು ನಿಂತಿತ್ತು. ಅದನ್ನು ನೆನೆದರೆ ಎತ್ತುವುದಿರಲಿ, ಇದ್ದದ್ದೂ ಜಾರುತ್ತಿತ್ತು.

“ದಿನಕ್ಕೆ ಹತ್ತು ನಿಮಿಷ ಸಾಕು ಆಂಟಿ. ದೀಪಾವಳಿ ತನಕ ಬಿಡದೆ ಮಾಡಿ” ಎಂದು ಫೋನಿಗೆ ವಿಡಿಯೋ ಹಾಕಿಕೊಟ್ಟು ಹೋದಳು.

ಈ ಹತ್ತು ನಿಮಿಷ ಸಾಕು ಎನ್ನುವವರನ್ನೆಲ್ಲ ಒಂದು ದಿನ ತಂದು ನನ್ನ ಅಡುಗೆಮನೆಯಲ್ಲಿ ನಿಲ್ಲಿಸಬೇಕು. ನಮ್ಮ ಕಡೆ ಹಿಂಬಾಗಿಲು ಹಾಕುವ ಪದ್ಧತಿಯೇ ಇಲ್ಲ. ಹಗಲಲ್ಲಿ ಹಿಂಬಾಗಿಲು ಹಾಕಿದೆ ಎಂದರೆ ಮನೆಯವರಿಗೆ ಏನೋ ಆಗಿದೆ ಎಂದು ಇನ್ನೂ ನಾಲ್ಕು ಜನ ಹೆಚ್ಚಿಗೆ ಬರುತ್ತಾರೆ. ಬಂದವರಿಗೆ ಕಾಫಿ ಬೇಕಾ ಎಂದು ಕೇಳುವ ಹಾಗೂ ಇಲ್ಲ, ಕೇಳಿದರೆ ಅವಮಾನ, ಸುಮ್ಮನೆ ಮಾಡಿ ಕೊಡಬೇಕು. ನಾನು ಚಾಪೆ ಹಾಸಿ ಮಂಡಿ ಮಡಚುವಷ್ಟರಲ್ಲಿ ಕಾಳುಮೆಣಸು ಕೊಳ್ಳುವವನು ಬರುತ್ತಿದ್ದ. ಅವನಿಗೆ ಕಾಫಿ. ಮತ್ತೆ ಮಲಗಿದರೆ ಕರೆಂಟಿನವನು. ಅವನಿಗೂ ಕಾಫಿ. ಮೊದಲ ವಾರ ನಾನು ಮಾಡಿದ್ದು ಪಿಲಾಟಿಸ್ಸಲ್ಲ, ಬರೀ ಕಾಫಿ.

ಒಂದು ಮಧ್ಯಾಹ್ನ ಮಳೆ ಹೊಡೆಯುತ್ತಿತ್ತು, ಈ ಮಳೆಗೆ ಯಾರು ಬರುತ್ತಾರೆ ಎಂದು ಧೈರ್ಯವಾಗಿ ಮಲಗಿದೆ. ಕಣ್ಣು ಮುಚ್ಚಿ, ಸೊಂಟ ಎತ್ತಿ, ಮುಖ ಕಿವುಚಿಕೊಂಡು ಉಫ್ ಉಫ್ ಎಂದು ಉಸಿರು ಬಿಡುತ್ತಿದ್ದೆ. ತೋಟದಲ್ಲಿ ಕಳೆ ತೆಗೆಯುವ ಹೆಂಗಸು ಬಿಸಿನೀರು ಕೇಳಲು ಹಿಂಬಾಗಿಲಿಗೆ ಬಂದಳು. ಮಳೆಗಾಲದಲ್ಲಿ ನಮ್ಮ ತೋಟದೊಳಗೆ ಕಾಲಿಟ್ಟರೆ ರಕ್ತ ಹೀರುವ ಇಂಬಳ ಹತ್ತದೆ ಬಿಡುವುದಿಲ್ಲ. ಹಾಗಾಗಿ ಕೆಲಸದವರ ಕೋಲಿನ ತುದಿಗೆ ಯಾವಾಗಲೂ ಉಪ್ಪಿನ ಗಂಟು ಇರುತ್ತದೆ. ಉಪ್ಪು ಬಿದ್ದರೆ ಇಂಬಳ ಬಿಟ್ಟು ಬೀಳುತ್ತದೆ.

“ಅಯ್ಯೋ ದೇವ್ರೇ, ಇಂಬಳನಾ ಅಕ್ಕಾ? ಎಲ್ಲಿ ಹತ್ತಿದ್ದು?”

ಉಸಿರು ಬಿಡುವ ಮಧ್ಯೆ ಮಾತಾಡಲಾಗದೆ ಅಲ್ಲ ಅಲ್ಲ ಎಂದು ಕೈ ಆಡಿಸಿದೆ. ಆ ಕೈ ಎತ್ತ ತೋರಿಸಿದಂತೆ ಕಂಡಿತೋ, ಅವಳು ದನಿ ತಗ್ಗಿಸಿದಳು.

“ಹೇಳ್ಬೇಡಿ, ಗೊತ್ತಾಯ್ತು. ಅಲುಗಾಡ್ಬೇಡಿ ಮತ್ತೆ, ಒಳಗೇ ಹೋಗ್ಬಿಡ್ತದೆ.”

ನಾನು ಬಾಯಿ ತೆರೆಯುವ ಮೊದಲೇ ಗಂಟು ಬಿಚ್ಚಿ ಒಂದು ಹಿಡಿ ಉಪ್ಪು ಎರಚಿದಳು. ಹೊಟ್ಟೆ ಮೇಲೆ, ಸೀರೆ ಮೇಲೆ, ಬಾಯೊಳಗೂ ಬಿತ್ತು. ನನಗೆ ನಗು ತಡೆಯಲಾಗಲಿಲ್ಲ. ನಕ್ಕದ್ದೇ ತಡ, ಆಗಬಾರದ್ದು ಆಯಿತು. ಅವಳು ಬಗ್ಗಿ ಚಾಪೆ ನೋಡಿ, “ರಕ್ತ ಇಲ್ಲ, ಬರೀ ನೀರು. ಬಿಟ್ಟು ಹೋಯ್ತು ಬಿಡಿ” ಎಂದು ತೃಪ್ತಿಯಿಂದ ಎದ್ದಳು. ನಾನು ಎದ್ದು ಅವಳಿಗೆ ಕಾಫಿ ಮಾಡಿಕೊಟ್ಟೆ.

ಸಂಜೆಯ ಹೊತ್ತಿಗೆ ಊರಿಗೆಲ್ಲ ಗೊತ್ತಾಗಿತ್ತು. ಟೈರು ಪಂಕ್ಚರ್ ಹಾಕಿಸಲು ಬಂದವನು ನಮ್ಮವರಿಗೆ ಹೇಳಿದನಂತೆ. ಗ್ಯಾರೇಜಿನಿಂದ ಗ್ರೀಸಿನ ಕೈಯಲ್ಲೇ ಓಡಿ ಬಂದರು.

“ಏನೇ ಮಾರಾಯ್ತಿ, ಇಂಬಳ ಎಲ್ಲೋ ಹೋಯ್ತಂತೆ? ಆಸ್ಪತ್ರೆಗೆ ಹೋಗೋಣ, ಜೀಪ್ ತೆಗಿತೀನಿ.”

ಇಂಬಳವಲ್ಲ ಎಂದೆ. ಹಾಗಾದರೆ ಏನು ಎಂದರು. ಬೇರೆ ದಾರಿಯಿರಲಿಲ್ಲ, ಗೋಡೆ ನೋಡಿಕೊಂಡು ಎಲ್ಲವನ್ನೂ ಹೇಳಿದೆ. ಅವರು ಗ್ರೀಸಿನ ಕೈ ಒರೆಸಿಕೊಂಡರು.

“ಇಷ್ಟೇನಾ? ಆಯಿಲ್ ಸೀಲ್ ಸಡಿಲ ಆಗಿ ಸೋರ್ತಿದೆ.”

“ಸೌಟಲ್ಲಿ ಹೊಡಿತೀನಿ ನೋಡಿ.”

“ತಮಾಷೆಗಂದೆ. ಇಷ್ಟು ವರ್ಷ ಒಬ್ಳೇ ಇಟ್ಕೊಂಡಿದ್ಯಲ್ಲೇ” ಎಂದವರ ದನಿ ಬೇರೆಯಾಗಿತ್ತು. ಆಮೇಲೆ ಆ ಲಿಫ್ಟಿನ ಮಾತು ಕೇಳಿ ತಲೆ ಅಲ್ಲಾಡಿಸಿದರು. “ಲಿಫ್ಟ್ ಬಿಡು. ನಾನು ಜಾಕ್ ಹಾಕಿ ಗಾಡಿ ಎತ್ತೋದು ನೋಡಿದೀಯಲ್ಲ. ಒಂದೇ ಸಲಕ್ಕೆ ಎತ್ತಲ್ಲ. ಒತ್ತು, ನಿಲ್ಸು, ಒತ್ತು, ನಿಲ್ಸು. ಇಳಿಸೋದು ಅದಕ್ಕಿಂತ ನಿಧಾನ.”

ಜಾಕ್ ನೆನೆದ ಮೇಲೆ ನನಗೆ ಅದು ಕೈ ಹತ್ತಿತು. ಮಧ್ಯಾಹ್ನದ ಹತ್ತು ನಿಮಿಷ ನಮ್ಮವರು ಗ್ಯಾರೇಜು ಬಿಟ್ಟು ಬಂದು ಹಿಂಬಾಗಿಲಲ್ಲಿ ಕೂರತೊಡಗಿದರು. ಬಂದವರಿಗೆ ಅವರೇ ಕಾಫಿ ಮಾಡಿ ಕೊಟ್ಟರು. ಅವರ ಕಾಫಿ ಕುಡಿದವರು ಮತ್ತೆ ಆ ಹೊತ್ತಿಗೆ ಬರಲಿಲ್ಲ.

ಇಂಬಳದ ಸುದ್ದಿ ಕಂಡಕ್ಟರನ ಬಾಯಿಂದ ಸಂಸೆಗೂ ಹೋಯಿತು. ಅಕ್ಕ ಫೋನು ಮಾಡಲಿಲ್ಲ, ಆದರೆ ಅವನ ಕೈಲಿ ಒಂದು ಬಾಟಲಿ ಕಷಾಯ ಕಳಿಸಿದಳು. ಏನು ಸೊಪ್ಪೋ ಏನೋ, ವಾಸನೆಗೆ ನಾಯಿ ಅಂಗಳ ಬಿಟ್ಟು ಹೋಯಿತು. ನಾನು ಅದನ್ನು ಕುಡಿಯಲಿಲ್ಲ. ಚೆಲ್ಲಲೂ ಮನಸ್ಸು ಬರಲಿಲ್ಲ.

ನವರಾತ್ರಿಯ ಹೊತ್ತಿಗೆ ಒಂದು ದಿನ ಸೌಟು ಹಿಡಿದುಕೊಂಡೇ ಸೀನಿದೆ. ಏನೂ ಆಗಲಿಲ್ಲ. ನಂಬದೆ ಮೆಣಸಿನಪುಡಿ ಮೂಸಿ ಇನ್ನೊಂದು ಸಲ ಸೀನಿದೆ. ಆಗಲೂ ಏನೂ ಆಗಲಿಲ್ಲ.

ಮದುವೆಗೆ ಎರಡು ದಿನ ಮೊದಲೇ ನಾನೊಬ್ಬಳೇ ಹೊರಟೆ, ಗೆಸ್ಟುಗಳನ್ನು ಕಳಿಸಿ ನಮ್ಮವರು ಆಮೇಲೆ ಬರುವುದೆಂದಾಯಿತು. ಬಸ್ಸು ಸುಲಭವಾಗಿ ಮುಗಿಯಿತು. ಜೀಪಿನಲ್ಲಿ ಪ್ರತಿ ಗುಂಡಿಗೂ ಉಸಿರು ಬಿಟ್ಟು ಜಾಕ್ ಹಾಕಿದೆ. ಒಂದು ಹನಿಯೂ ಸೋರದೆ ಹೋದೆ ಎಂದು ಜಂಬ ಕೊಚ್ಚುವುದಿಲ್ಲ. ಕೊನೆಯ ಏರಿನಲ್ಲಿ ಚೂರು ಸೋತೆ. ಆದರೆ ಅದು ನನಗೆ ಮಾತ್ರ ಗೊತ್ತಾಗುವಷ್ಟು.

ಅಕ್ಕ ಅಂಗಳದಲ್ಲಿ ನಿಂತಿದ್ದಳು. ನನ್ನನ್ನು ನೋಡಿ ಮುಖ ಅರಳಿತು, ತಕ್ಷಣ ಗಂಟು ಹಾಕಿಕೊಂಡಳು. ಕೈ ಹಿಡಿದು ಒಳಕೋಣೆಗೆ ಎಳೆದುಕೊಂಡು ಹೋಗಿ ಬಾಗಿಲು ಹಾಕಿದಳು.

“ಇಂಬಳದ ಗಾಯ ವಾಸಿ ಆಯ್ತಾ?”

“ಇಂಬಳ ಅಲ್ವೇ ಅಕ್ಕಾ” ಎಂದು ಮೊದಲಿನಿಂದ ಹೇಳಿದೆ. ಜ್ವರ ಸುಳ್ಳು, ಗೆಸ್ಟು ಸುಳ್ಳು, ಜೀಪಿನಲ್ಲಿ ಒದ್ದೆಯಾಗಿ ನೆಂಟರೆದುರು ಇಳಿಯುವ ಹೆದರಿಕೆಯೊಂದೇ ನಿಜ ಎಂದೆ. ಅವಳು ಬೈಯುತ್ತಾಳೆ ಎಂದುಕೊಂಡಿದ್ದೆ. ಅವಳು ಮದುವೆ ಸೀರೆಗಳ ರಾಶಿಯ ಪಕ್ಕ ನೆಲದ ಮೇಲೆ ಕೂತುಬಿಟ್ಟಳು.

“ನಾನು ಮೂಡಿಗೆರೆಗೆ ಯಾಕೆ ಬರ್ತಿರ್ಲಿಲ್ಲ ಅಂದ್ಕೊಂಡಿದ್ದೆ ನೀನು?”

“ನಿಂಗೆ ಧಿಮಾಕು ಅಂತ.”

“ಧಿಮಾಕು ನಿಂಗೆ ಅಂತ ನಾನು ಅಂದ್ಕೊಂಡಿದ್ದೆ” ಎಂದಳು. ಇಬ್ಬರೂ ನಕ್ಕೆವು. ಅವಳು ನಗುತ್ತಲೇ ಕಾಲಿಗೆ ಕಾಲು ಹೆಣೆದುಕೊಂಡಳು.

ಈಗಲೇ ಹೇಳಿಕೊಡು ಎಂದು ಹಟ ಹಿಡಿದಳು. ಹೊರಗೆ ಚಪ್ಪರ ಕಟ್ಟುವವರು ಭಾವನನ್ನು ಕೂಗುತ್ತಿದ್ದರು. ನಾವಿಬ್ಬರೂ ಅಕ್ಕಪಕ್ಕ ಅಂಗಾತ ಮಲಗಿ, ಮಂಡಿ ಮಡಚಿ, ಸೊಂಟ ಎತ್ತಿದೆವು. ಸ್ವಲ್ಪ ಹೊತ್ತಿಗೆ ಅವಳು ಮೇಲೆ ಹೆಂಚಿನ ಮಾಡು ನೋಡುತ್ತಾ ಕೇಳಿದಳು.

“ಅಮ್ಮ ಬಸ್ಸಿನ ವಾಸನೆ ಆಗಲ್ಲ ಅಂತಿದ್ಲಲ್ಲ?”

ನಮ್ಮನ್ನು ಮದುವೆ ಮಾಡಿ ಕೊಟ್ಟ ಮೇಲೆ ಅಮ್ಮ ಸಾಯುವವರೆಗೂ ನಮ್ಮಿಬ್ಬರ ಮನೆಗೂ ಬರಲಿಲ್ಲ. ನನ್ನ ಮಗನ ನಾಮಕರಣಕ್ಕೂ ಬರಲಿಲ್ಲ. ಹೆಣ್ಣು ಮಕ್ಕಳನ್ನು ಸಾಗಹಾಕಿ ಕೈ ತೊಳೆದುಕೊಂಡಳು ಎಂದು ನಾನು ಅವಳೊಂದಿಗೆ ಮಾತು ಬಿಟ್ಟಿದ್ದೆ. ವಾಸನೆ ಆಗುವುದಿಲ್ಲ ಎನ್ನುವವಳು ಪಕ್ಕದ ಮನೆಯವರ ಡೀಸೆಲ್ ಪಂಪಿನ ಹತ್ತಿರ ದಿನವಿಡೀ ಬಟ್ಟೆ ಒಗೆಯುತ್ತಿದ್ದಳು. ಅವಳಿಗೂ ನಮ್ಮದೇ ಹೆದರಿಕೆ ಇದ್ದೀತು ಎಂದು ನಾವಿಬ್ಬರೂ ಯೋಚಿಸಿರಲಿಲ್ಲ.

ನನಗೆ ಅಳು ಬಂತು. ಮಲಗಿದ್ದರಿಂದ ಕಣ್ಣೀರು ಕಿವಿಗೆ ಇಳಿಯಿತು. ಅಕ್ಕನೂ ಅಳುತ್ತಿದ್ದಳು, ಆದರೆ ಸೊಂಟ ಇಳಿಸಿರಲಿಲ್ಲ.

“ಅಳೋದಾದ್ರೆ ಅಳು” ಎಂದಳು, “ಮಧ್ಯ ನಿಲ್ಲಿಸ್ಬೇಡ. ಇನ್ನೂ ಹತ್ತು ನಿಮಿಷ ಆಗಿಲ್ಲ.”