ಭಾವನ ಭಾರ

ನಾನು ಬಸ್ಸು ಓಡಿಸುವವನು. ಆರು ಚಕ್ರದ ಮೇಲೆ ಕೂತವನಿಗೆ ಎರಡು ಚಕ್ರದವರ ಮೇಲೆ ಅಷ್ಟಾಗಿ ಗೌರವ ಇರುವುದಿಲ್ಲ. ಎಡಗಡೆಯಿಂದ ನುಗ್ಗುತ್ತಾರೆ, ಬಲಗಡೆಯಿಂದ ಮಾಯವಾಗುತ್ತಾರೆ, ಬೈಯಲು ಬಾಯಿ ತೆಗೆಯುವಷ್ಟರಲ್ಲಿ ಮುಂದಿನ ಸ್ಟಾಪು ದಾಟಿರುತ್ತಾರೆ. ಅದರಲ್ಲೂ ಈ ದೊಡ್ಡ ಬೈಕಿನವರು. ಮನೆಯ ಸೂರು ಸೋರುತ್ತಿದ್ದರೂ ಬಾಗಿಲಲ್ಲಿ ಬೈಕು ಹೊಳೆಯುತ್ತಿರಬೇಕು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂಬ ಗಾದೆಯನ್ನು ನಾನು ದಿನವೂ ಸ್ಟೇರಿಂಗಿಗೆ ಹೇಳಿಕೊಳ್ಳುತ್ತೇನೆ. ಇಂಥ ನನಗೆ ಸಿಕ್ಕ ಭಾವ, ಅಂದರೆ ನಮ್ಮಕ್ಕನ ಗಂಡ, ದೊಡ್ಡ ಬೈಕುಗಳನ್ನು ರಿಪೇರಿ ಮಾಡುವವರು.

ಅವರ ಶೆಡ್ಡು ಇರುವುದು ಹಾಸಿಗೆ ಹೊಲಿಯುವವನ ಅಂಗಡಿಗೂ ನೀರಿನ ಟ್ಯಾಂಕು ಮಾರುವವನ ಅಂಗಡಿಗೂ ನಡುವೆ. ಒಂದು ಕಡೆಯಿಂದ ಹತ್ತಿ ಹಾರಿ ಬಂದು ಗ್ರೀಸಿಗೆ ಅಂಟುತ್ತದೆ, ಇನ್ನೊಂದು ಕಡೆ ಖಾಲಿ ಟ್ಯಾಂಕುಗಳು ಬೈಕಿನ ಸದ್ದಿಗೆ ಗುಂಯ್ಯೆನ್ನುತ್ತವೆ. ಅಲ್ಲಿಗೆ ಬರುವುದೆಲ್ಲ ಹಳೆಯ ಕಾಲದ ದೈತ್ಯ ಬೈಕುಗಳು. ಅವುಗಳ ಬ್ರೇಕು ಭಾವನ ವಿಶೇಷ. ಆದರೆ ಬೇರೆ ಮೆಕ್ಯಾನಿಕ್ಕುಗಳಂತೆ ಅವರು ಬೈಕನ್ನು ಓಡಿಸಿ ನೋಡುತ್ತಿರಲಿಲ್ಲ. ಅದಕ್ಕೆ ಕಾರಣ ನಮ್ಮಕ್ಕ.

ಮದುವೆಯಾದ ಹೊಸತರಲ್ಲಿ ಭಾವ ಅಕ್ಕನನ್ನು ಹಿಂದೆ ಕೂರಿಸಿಕೊಂಡು ಹೊರಟು, ಒಂದು ತಿರುವಿನಲ್ಲಿ ನೇರವಾಗಿ ಮರಳಿನ ಗುಡ್ಡೆಗೆ ನುಗ್ಗಿದರು. ಯಾರಿಗೂ ಏನೂ ಆಗಲಿಲ್ಲ. ಅಕ್ಕ ಸೊಂಟದವರೆಗೆ ಮರಳಿನಲ್ಲಿ ಹೂತು ಕೂತಿದ್ದಳು. ಎಬ್ಬಿಸಲು ಚಾಚಿದ ಗಂಡನ ಕೈಯನ್ನು ಹಿಡಿಯದೆ, ಮೊದಲು ಮಾತು ತೆಗೆದುಕೊಂಡಳು: ಇನ್ನು ಜನ್ಮದಲ್ಲಿ ಬೈಕಿನ ಹ್ಯಾಂಡಲ್ ಹಿಡಿದು ರಸ್ತೆಗೆ ಇಳಿಯಬಾರದು. ಬೈಕ್ ಮೆಕ್ಯಾನಿಕ್ಕಿಗೆ ಹೀಗೆ ಹೇಳುವುದೂ ಒಂದೇ, ಅಡುಗೆಯವನಿಗೆ ರುಚಿ ನೋಡಬೇಡ ಅನ್ನುವುದೂ ಒಂದೇ. ಭಾವ ಒಪ್ಪಿದರು, ಅಕ್ಕ ಕೈ ಹಿಡಿದು ಎದ್ದಳು. ಅವತ್ತಿನಿಂದ ಅವರು ಹ್ಯಾಂಡಲ್ ಮುಟ್ಟಿದ್ದು ಬೈಕು ಸ್ಟ್ಯಾಂಡಿನ ಮೇಲಿದ್ದಾಗ ಮಾತ್ರ.

ಆದರೆ ಹ್ಯಾಂಡಲ್ ಹಿಡಿಯಬಾರದು ಅಂದರೆ ಹಿಂದೆ ಕೂರಬಾರದು ಅಂತಲ್ಲವಲ್ಲ. ಅಕ್ಕ ಚಾಪೆ ಕೆಳಗೆ ನುಗ್ಗಿದರೆ ಭಾವ ರಂಗೋಲಿ ಕೆಳಗೆ ನುಗ್ಗುವವರು. ರಿಪೇರಿ ಮುಗಿದ ಮೇಲೆ ಬೈಕಿನ ಮಾಲೀಕನೇ ಮುಂದೆ ಕೂರಬೇಕು, ಭಾವ ಹಿಂದೆ. ಮುಚ್ಚಿಹೋದ ಸೋಪು ಕಾರ್ಖಾನೆಯ ಹಿಂಬದಿಯಲ್ಲಿ ಒಂದು ನೇರವಾದ ರಸ್ತೆಯಿದೆ. ಅಲ್ಲಿ ಆ ಮನುಷ್ಯ ತನಗೆ ಧೈರ್ಯ ಇದ್ದಷ್ಟು ವೇಗ ಹೋಗಿ, ಬಣ್ಣ ಮಾಸಿದ ಬೋರ್ಡಿನ ಹತ್ತಿರ ಬ್ರೇಕು ಒತ್ತಬೇಕು. ಭಾವ ಕಣ್ಣು ಮುಚ್ಚಿಕೊಂಡು, ಕುತ್ತಿಗೆಯನ್ನು ಇಷ್ಟೇ ಇಷ್ಟು ಮುಂದಕ್ಕೆ ವಾಲಿಸುತ್ತಿದ್ದರು. ಇವರ ಹೆಲ್ಮೆಟ್ಟು ಅವನ ಹೆಲ್ಮೆಟ್ಟಿಗೆ ಮೆಲ್ಲಗೆ ಟಕ್ ಅಂದರೆ ಬ್ರೇಕು ಸರಿ ಇದೆ ಅಂತ ಅರ್ಥ. ಜೋರಾಗಿ ಬಡಿದರೆ ಕಚ್ಚುತ್ತಿದೆ, ತಾಗದೇ ಇದ್ದರೆ ಸಡಿಲ. ತಿರುಗಿ ಶೆಡ್ಡಿಗೆ, ಸ್ಪ್ಯಾನರು, ಮತ್ತೆ ರಸ್ತೆಗೆ.

ಭಾವ ತೆಳ್ಳಗಿನ ಆಳಲ್ಲ. ನನ್ನ ಬಸ್ಸಿನ ಇಬ್ಬರು ಕೂರುವ ಸೀಟಿನಲ್ಲಿ ಅವರು ಕೂತರೆ ಪಕ್ಕದವರು ನಿಂತೇ ಬರುತ್ತಾರೆ. ನನ್ನನ್ನು ಹೊತ್ತು ನಿಲ್ಲುವ ಬ್ರೇಕು ನಿನ್ನೊಬ್ಬನನ್ನು ನಿಲ್ಲಿಸೋದಿಲ್ಲವೇ ಎಂದು ಗಿರಾಕಿಗಳಿಗೆ ಹೇಳುತ್ತಿದ್ದರು. ಕೇಳಿದರೆ ಯಾರಿಗೂ ಸರಿ ಅನ್ನಿಸುವಂಥ ಮಾತು. ಗಿರಾಕಿಗಳಿಗೂ ಅನ್ನಿಸಿತ್ತು. ವರ್ಷಾನುಗಟ್ಟಲೆ ಹೀಗೆ ನಡೆದು, ಕೊನೆಗೆ ಭಾವ ಗಿರಾಕಿಗಳನ್ನು ಬೆನ್ನು ನೋಡಿ ಗುರುತು ಹಿಡಿಯುವ ಸ್ಥಿತಿಗೆ ಬಂದರು. ರಸ್ತೆಯಲ್ಲಿ ಎದುರಿಗೆ ಸಿಕ್ಕು ನಮಸ್ಕಾರ ಹೇಳಿದವರು ಯಾರೆಂದು ತೋಚುತ್ತಿರಲಿಲ್ಲ. ಅವರು ದಾಟಿ ಹೋದ ಮೇಲೆ ತಿರುಗಿ ನೋಡಿ, ಓ ಇವರಾ, ಅನ್ನುತ್ತಿದ್ದರು.

ಇದರಲ್ಲಿ ಏನು ಸುಖ ಎಂದು ಒಮ್ಮೆ ಕೇಳಿದ್ದೆ. ಭಾವ ಸೀಮೆಎಣ್ಣೆಯಲ್ಲಿ ಕೈ ತೊಳೆಯುತ್ತಿದ್ದರು.

"ಸ್ಪೀಡು ನೂರು ದಾಟಿದ ಮೇಲೆ ಮಂಡಿನೋವು, ಬಾಡಿಗೆ, ನಿಮ್ಮಕ್ಕ, ಯಾವುದೂ ಜೊತೆಗೆ ಬರೋಕಾಗಲ್ಲ ಕಣೋ. ಹಿಂದೆ ಬಿದ್ದುಬಿಡ್ತವೆ," ಅಂದರು. "ನಿಲ್ಲಿಸಿದ ತಕ್ಷಣ ಎಲ್ಲಾ ಓಡಿ ಬಂದು ಹತ್ಕೊಳ್ತವೆ."

ಸ್ಟಾಪಿನಲ್ಲಿ ಬಿಟ್ಟುಬಂದ ಪ್ರಯಾಣಿಕರು ಮುಂದಿನ ಸಿಗ್ನಲ್ಲಿನಲ್ಲಿ ಓಡಿ ಬಂದು ಬಾಗಿಲು ಬಡಿಯುವುದು ನನಗೆ ನೆನಪಾಯಿತು. ಅವರ ಮಾತು ನನಗೆ ಅರ್ಥವಾಯಿತು ಅನ್ನುವುದೇ ನನಗೆ ಸ್ವಲ್ಪ ಕಸಿವಿಸಿ.

ಹಿಂದೆ ಕೂರುವವರನ್ನು ಗಿರಾಕಿಗಳು ಮೆಲ್ಲಗೆ ಕರೆದುಕೊಂಡು ಹೋಗುತ್ತಾರೆ ಎಂದು ಅಕ್ಕ ನಂಬಿದ್ದಳು. ಆ ನಂಬಿಕೆಯನ್ನು ಮುರಿದವರು ಹಲ್ಲಿನ ಡಾಕ್ಟರು. ಅವರದೂ ಒಂದು ದೈತ್ಯ ಬೈಕು ಇತ್ತು. ಅಕ್ಕ ದವಡೆ ಹಲ್ಲು ಕೀಳಿಸಲು ಹೋಗಿ, ಬಾಯಿ ತೆರೆದು, ಅದರೊಳಗೆ ಡಾಕ್ಟರ ಎರಡು ಕೈ, ಒಂದು ಕನ್ನಡಿ, ಒಂದು ಇಕ್ಕಳ ಇದ್ದಾಗ, ಅವರು ಪ್ರೀತಿಯಿಂದ ಹೇಳಿದರಂತೆ: ನಿಮ್ಮ ಯಜಮಾನರಂಥ ಧೈರ್ಯವಂತರನ್ನು ನೋಡಿಲ್ಲಮ್ಮ, ನೂರನಲವತ್ತರಲ್ಲೂ ಕೈ ಬಿಟ್ಟು ಕೂತಿರ್ತಾರೆ. ಅಕ್ಕ ಉತ್ತರ ಕೊಡುವ ಸ್ಥಿತಿಯಲ್ಲಿರಲಿಲ್ಲ. ಮನೆಗೆ ಬಂದ ಮೇಲೂ ನಾಲಿಗೆ ಮರಗಟ್ಟಿತ್ತು. ನಾಲಿಗೆ ತಿರುಗುವ ಹೊತ್ತಿಗೆ ಭಾವ ಊಟ ಮುಗಿಸಿ ಮಲಗಿದ್ದರು. ಮಾತು ಮುರಿದಿದ್ದಾರೆ ಎಂದು ಬೈಯಲು ಅವರು ಮಾತನ್ನೂ ಮುರಿದಿರಲಿಲ್ಲ. ಅಕ್ಕ ಒಂದು ವಾರ ಮಾತು ಬಿಟ್ಟಳು, ಆಮೇಲೆ ಹೋಗಿ ಅಂಗಡಿಯಲ್ಲಿದ್ದ ಅತಿ ದಪ್ಪನೆಯ ಹೆಲ್ಮೆಟ್ಟು ತಂದಿಟ್ಟಳು.

ಇವರಿಗೆ ಒಬ್ಬಳೇ ಮಗಳು. ಮಗುವಾಗಿದ್ದಾಗ ಶೆಡ್ಡಿನಲ್ಲಿ ಆಡುತ್ತಾ ಒಂದು ನಟ್ಟು ನುಂಗಿದ್ದರಿಂದ ಅವಳಿಗೆ ನಟ್ಟು ಎಂದೇ ಹೆಸರು ನಿಂತಿತು. ನುಂಗಿದ್ದು ಮಾರನೆಯ ದಿನ ತಾನಾಗಿ ಹೊರಗೆ ಬಂತು, ಭಾವ ಅದನ್ನು ತೊಳೆದು ಯಾರದೋ ಬೈಕಿಗೆ ಹಾಕಿದರು. ಈಗ ನಟ್ಟು ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವ ಕೆಲಸ ಮಾಡುತ್ತಾಳೆ. ಕಡ್ಡಿಯಂತಿದ್ದಾಳೆ. ಹೋದ ವರ್ಷ ಯಾರೋ ಗುಜರಿಗೆ ಹಾಕಲಿದ್ದ ಒಂದು ದೊಡ್ಡ ಬೈಕನ್ನು ತಂದು, ರಜೆ ಬಂದಾಗಲೆಲ್ಲ ಅಪ್ಪನ ಜೊತೆ ಕೂತು ಕಟ್ಟಿದಳು. ಅಕ್ಕ ಒಪ್ಪಲೂ ಇಲ್ಲ, ಬೇಡ ಅನ್ನಲೂ ಇಲ್ಲ. ಅವಳು ಮಾತು ತೆಗೆದುಕೊಂಡಿದ್ದು ಗಂಡನಿಂದ, ಮಗಳಿಂದಲ್ಲ.

ಬೈಕು ಸಿದ್ಧವಾದ ದಿನ ಮಗಳು ಮುಂದೆ, ಅಪ್ಪ ಹಿಂದೆ. ಬೇರೆಯವರ ಬೈಕಿಗೆ ಎರಡು ಸಲ ಹೋದರೆ ಇದಕ್ಕೆ ಆರು ಸಲ ಹೋದರು. ಹಿಂದಿನ ಸ್ಪ್ರಿಂಗುಗಳನ್ನು ಬಿಗಿ ಮಾಡಿದರು, ಹಿಂದಿನ ಬ್ರೇಕಿನ ತಿರುಪನ್ನು ಒಂದೊಂದೇ ಎಳೆ ತಿರುಗಿಸಿದರು. ಕೊನೆಗೆ ಹೂವು ಇಟ್ಟ ಹಾಗೆ ಟಕ್ ಅಂತಂತೆ. ಅಂಥ ಬ್ರೇಕು ತಮ್ಮ ಕೈಯಿಂದ ಬಂದಿದ್ದು ಅದೇ ಮೊದಲು ಎಂದು ಭಾವ ನನ್ನ ಹತ್ತಿರ ಎರಡು ಸಲ ಹೇಳಿದರು.

ಮಾರನೆಯ ಬೆಳಿಗ್ಗೆ ನಟ್ಟು ಒಬ್ಬಳೇ ಕೆಲಸಕ್ಕೆ ಹೊರಟಳು. ಹಾಲಿನ ಡಿಪೋ ಹತ್ತಿರ ಲಾರಿಯೊಂದು ನಿಧಾನವಾಯಿತು, ಇವಳು ಬ್ರೇಕು ಒತ್ತಿದಳು. ಬೈಕು ಅಡ್ಡ ತಿರುಗಿ ಅವಳನ್ನು ರಸ್ತೆಗೆ ಎಸೆಯಿತು. ಭುಜದ ಹತ್ತಿರ ಕೊರಳೆಲುಬು ಮುರಿಯಿತು. ಹೆಲ್ಮೆಟ್ಟಿನ ಒಂದು ಮಗ್ಗುಲು ತುರಿಮಣೆಗೆ ಉಜ್ಜಿದಂತಾಗಿತ್ತು. ಅದನ್ನು ನೋಡಿದ್ದಕ್ಕೇ ಇರಬೇಕು, ಆಸ್ಪತ್ರೆಯಲ್ಲಿ ನಾನು ಸಿಡುಕಿದೆ. ಅವಳು ಬ್ರೇಕಿನದೇ ಏನೋ ಅಂತ ಶುರುಮಾಡಿದ್ದಳು, ಕುಣಿಯಲಾರದವಳಿಗೆ ನೆಲ ಡೊಂಕು ಅಂದುಬಿಟ್ಟೆ. ಅವಳು ನನ್ನನ್ನು ನೋಡಲಿಲ್ಲ, ಅಪ್ಪನನ್ನು ನೋಡಿದಳು.

"ಹಿಂದೆ ಹಗುರ ಆಗ್ಬಿಡ್ತಪ್ಪ," ಅಂದಳು. "ನೀನಿರ್ಲಿಲ್ಲ."

ಭಾವ ಮಂಚದ ಕಂಬಿ ಹಿಡಿದು ನಿಂತೇ ಇದ್ದರು. ಅವರ ಮುಖದಲ್ಲಿ ಲೆಕ್ಕವೊಂದು ನಿಧಾನವಾಗಿ ಹಿಂದಕ್ಕೆ ಓಡಿತು. ಅವರು ಇಷ್ಟು ವರ್ಷ ರಿಪೇರಿ ಮಾಡಿದ ಒಂದೊಂದು ಬೈಕೂ ಇಬ್ಬರಿಗೆ, ಅದರಲ್ಲೂ ಒಬ್ಬರು ಭಾವ ಆಗಿರುವ ಇಬ್ಬರಿಗೆ, ಹೊಂದಿಸಿದ್ದು. ಅವರು ಇಳಿದ ತಕ್ಷಣ ಹಿಂದಿನ ಚಕ್ರಕ್ಕೆ ನೆಲದ ಮೇಲೆ ಹಿಡಿತ ಕಡಿಮೆ. ಅವರ ಭಾರಕ್ಕೆ ತಕ್ಕ ಹಾಗೆ ಬಿಗಿ ಮಾಡಿದ ಬ್ರೇಕು ಒಬ್ಬರೇ ಇದ್ದಾಗ ಚಕ್ರವನ್ನು ಕಚ್ಚಿ ಹಿಡಿಯುತ್ತದೆ, ಚಕ್ರ ಉರುಳದೆ ಜಾರುತ್ತದೆ. ದೀಪದ ಬುಡದಲ್ಲಿ ಕತ್ತಲೆ ಅನ್ನುತ್ತಾರಲ್ಲ, ಅದು. ಬೈಕಿನಲ್ಲಿ ಅವರು ಪರೀಕ್ಷೆ ಮಾಡದೆ ಬಿಟ್ಟ ಒಂದೇ ಒಂದು ಭಾಗ ಅಂದರೆ ತಾವು.

ಹಾಗಾದರೆ ಮಿಕ್ಕವರು ಯಾಕೆ ಬೀಳಲಿಲ್ಲ? ಅವರಿಗೂ ಹಿಂಭಾಗ ಕುಣಿಯುತ್ತಿತ್ತು. ನಿಮ್ಮ ಕೈಗೆ ಕೊಟ್ಟ ಮೇಲೆ ಬೈಕಿಗೆ ಜೀವ ಬಂದುಬಿಡುತ್ತೆ, ಏನು ಪವರ್ರು, ಎಂದು ಬಂದು ಹೊಗಳಿ ಹೋಗುತ್ತಿದ್ದರು. ಭಾವನೂ ನಾಚಿಕೊಂಡು ಹೊಗಳಿಕೆ ತೆಗೆದುಕೊಂಡಿದ್ದರು. ಈಗ ಎಲ್ಲರನ್ನೂ ಕರೆದು, ತಪ್ಪಾಗಿದೆ, ತನ್ನಿ ಸರಿಮಾಡುತ್ತೇನೆ ಅಂದರು. ಹಲ್ಲಿನ ಡಾಕ್ಟರು ಒಪ್ಪಲಿಲ್ಲ. ಆ ಕುಣಿತಕ್ಕೋಸ್ಕರವೇ ಅಲ್ಲವೇ ತಾವು ಈ ಬೈಕು ಇಟ್ಟುಕೊಂಡಿರುವುದು ಎಂದರಂತೆ. ಭಾವ ಅವರಿಗೆ ನಟ್ಟುವಿನ ಹೆಲ್ಮೆಟ್ಟು ತೋರಿಸಿದರು. ಡಾಕ್ಟರು ಬೀಗದ ಕೈ ಕೊಟ್ಟು ಬಸ್ಸಿನಲ್ಲಿ ಹೋದರು. ನನ್ನ ಬಸ್ಸಿನಲ್ಲೇ.

ಆದರೆ ಸರಿಮಾಡುವುದು ಹೇಗೆ? ಯಾರಾದರೂ ಒಬ್ಬರೇ ಓಡಿಸಿ ಹೇಳಬೇಕು. ಗಿರಾಕಿಗಳಿಗೆ ಅದು ಗೊತ್ತಾಗುವುದಿಲ್ಲ, ಗೊತ್ತಾಗಿದ್ದರೆ ಕುಣಿತವನ್ನು ಹೊಗಳುತ್ತಿರಲಿಲ್ಲ. ಭಾವ ನನ್ನನ್ನು ಕೂರಿಸಿ ಕಳಿಸಿದರು. ಹೋಗಿ ಬಂದೆ. ಹಿಂದಿನ ಚಕ್ರ ಏನಂತು ಎಂದು ಕೇಳಿದರು. ಏನೂ ಅನ್ನಲಿಲ್ಲ ಎಂದೆ. ಅವರು ನಿಟ್ಟುಸಿರು ಬಿಟ್ಟು ನನ್ನ ಕೈಗೆ ಕಾಫಿ ಕೊಟ್ಟರು.

ಅಕ್ಕ ಮಗಳ ಬೈಕನ್ನು ಮಾರಿಬಿಡಿ ಅಂದಳು. ನಟ್ಟು, ಮೂಳೆ ಕೂಡಿದ ದಿನ ಅದನ್ನೇ ಹತ್ತುವುದಾಗಿ, ಕೈಯನ್ನು ಜೋಳಿಗೆಯಲ್ಲಿ ನೇತುಹಾಕಿಕೊಂಡೇ, ಶಾಂತವಾಗಿ ಹೇಳಿದಳು. ಹಟದಲ್ಲಿ ತಾಯಿಗೆ ತಕ್ಕ ಮಗಳು. ಭಾವ ಅಡುಗೆಮನೆಯ ಹೊಸಿಲಲ್ಲಿ ನಿಂತು, ಆ ಮರಳಿನ ಗುಡ್ಡೆಯ ಮಾತನ್ನು ಹಿಂದಕ್ಕೆ ತಗೋ ಎಂದು ಅಕ್ಕನನ್ನು ಕೇಳಿಕೊಂಡರು. ಅಕ್ಕ ಪಾತ್ರೆ ಉಜ್ಜುವುದನ್ನು ನಿಲ್ಲಿಸಲಿಲ್ಲ.

"ನೀವು ಉಳ್ಕೊಳ್ಳಿ ಅಂತ ತಗೊಂಡ ಮಾತು ಅದು," ಅಂದಳು. "ಅದರಿಂದ ಅವಳು ಬೀಳೋದಾದ್ರೆ ನನಗೆ ಬೇಡ. ಮೊದಲು ನೀವೊಬ್ರೇ ಹೋಗಿ ನೋಡಿ. ಆಮೇಲೆ ಅವಳು." ಕೊನೆಯ ಪಾತ್ರೆ ಕವುಚಿಟ್ಟು, ನಾನೂ ಬರ್ತೀನಿ, ಅಂದಳು.

ನಟ್ಟುವಿನ ಮೂಳೆ ಕೂಡಿದೆ ಎಂದು ಆಸ್ಪತ್ರೆಯ ಡಾಕ್ಟರು ಹೇಳಿದ ಮೇಲೆ, ನನ್ನ ರಜೆಯ ದಿನ, ನಾವು ನಾಲ್ವರೂ ಸೋಪು ಕಾರ್ಖಾನೆಯ ಹಿಂದಿನ ರಸ್ತೆಗೆ ಹೋದೆವು. ಭಾವ ಹೆಲ್ಮೆಟ್ಟು ಹಾಕಿಕೊಂಡು, ಮಗಳ ಬೈಕು ಹತ್ತಿ, ಅಭ್ಯಾಸದಂತೆ ಹಿಂದಿನ ಸೀಟಿನಲ್ಲಿ ಕೂತರು. ಸ್ವಲ್ಪ ಹೊತ್ತು ಬಿಟ್ಟು ಅವರೇ ಮುಂದಕ್ಕೆ ಸರಿದರು.

ಮೊದಲ ಸುತ್ತು ನನ್ನ ಬಸ್ಸಿಗಿಂತ ನಿಧಾನ. ಎರಡನೆಯದರಲ್ಲಿ ಬೋರ್ಡಿನ ಹತ್ತಿರ ಬ್ರೇಕು ಒತ್ತಿದರು. ಹಿಂದಿನ ಚಕ್ರ ಕಿರುಚಿತು, ಬಾಲ ಒಂದು ಪಕ್ಕಕ್ಕೆ ಹೊರಳಿತು, ಭಾವನ ಒಂದು ಕಾಲು ನೆಲಕ್ಕೆ ಬಂತು. ಅಕ್ಕ ನನ್ನ ತೋಳು ಹಿಡಿದಿದ್ದಳು. ಉಗುರಿನ ಗುರುತು ಎಷ್ಟೋ ದಿನ ಇತ್ತು. ಭಾವ ಬಿದ್ದಿರಲಿಲ್ಲ. ಸ್ಪ್ಯಾನರು ತೆಗೆದು ಅಲ್ಲೇ ಕೂತು ಸಡಿಲ ಮಾಡಿದರು. ಮತ್ತೆ ಹೋದರು, ಮತ್ತೆ ಸಡಿಲ ಮಾಡಿದರು. ಕೊನೆಯ ಸಲ ಬಂದು ನಿಂತು ಹೆಲ್ಮೆಟ್ಟಿನ ಗಾಜು ಎತ್ತಿದಾಗ ಅವರ ಕಣ್ಣಿನಲ್ಲಿ ನೀರಿತ್ತು.

"ಮುಂದೆ ಗಾಳಿ ಇರತ್ತೆ ಕಣೋ," ಅಂದರು ನನಗೆ. ಇಷ್ಟು ವರ್ಷ ಯಾರದೋ ಬೆನ್ನಿನ ಮರೆಯಲ್ಲಿ ಹೋದ ಮನುಷ್ಯ.

ಆದರೆ ಕೆಲಸ ಮುಗಿದಿರಲಿಲ್ಲ. ಈಗ ಆ ಬ್ರೇಕು ಸರಿಯಾಗಿರುವುದು ಭಾವನೊಬ್ಬರಿಗೆ, ನಟ್ಟು ಅವರ ಅರ್ಧವೂ ಇಲ್ಲ. ಅವಳ ಭಾರಕ್ಕೆ ಹೊಂದಿಸಲು ಅವಳೇ ಹೋಗಬೇಕು. ಅದನ್ನು ಅಪ್ಪ ಅವಳ ಪರವಾಗಿ ಮಾಡಲಾರ. ಭಾವ ಅಂದಾಜಿನ ಮೇಲೆ ಇನ್ನೊಂದಿಷ್ಟು ಸಡಿಲ ಮಾಡಿ, ಕೈ ಒರೆಸಿಕೊಂಡು, ಬೈಕನ್ನು ಮಗಳ ಕೈಗೆ ಕೊಟ್ಟು ಪಕ್ಕಕ್ಕೆ ಬಂದರು. ನೀರು ಬೇಕೇ ಎಂದು ಕೇಳಿದೆ, ಅವರಿಗೆ ಕೇಳಿಸಲಿಲ್ಲ.

ನಟ್ಟು ಹೋದಳು. ಹೋಗುವುದು ಅಂದರೆ ನಿಜಕ್ಕೂ ಹೋದಳು. ಸದ್ದು ಕಾರ್ಖಾನೆಯ ಗೋಡೆಗೆ ಬಡಿದು ನಮ್ಮ ಎದೆಯೊಳಗೆ ನಡುಗಿತು. ಬೈಕಿನವರ ಬಗ್ಗೆ ನಾನು ಜೀವಮಾನದಲ್ಲಿ ಆಡಿದ್ದನ್ನೆಲ್ಲ ಆ ಹೊತ್ತಿಗೆ ಮರೆತಿದ್ದೆ. ದೂರದಲ್ಲಿ ಬೋರ್ಡಿನ ಹತ್ತಿರ ಕೆಂಪು ದೀಪ ಹತ್ತಿತು.

ರಸ್ತೆಯ ಪಕ್ಕದಲ್ಲಿ ನಿಂತಿದ್ದ ಭಾವ ಕಣ್ಣು ಮುಚ್ಚಿಕೊಂಡರು. ಅವರ ಕುತ್ತಿಗೆ ತಾನಾಗಿ ಇಷ್ಟೇ ಇಷ್ಟು ಮುಂದಕ್ಕೆ ವಾಲಿತು. ಮುಂದೆ ಯಾರ ತಲೆಯೂ ಇರಲಿಲ್ಲ, ಏನೂ ತಾಗಲಿಲ್ಲ.

"ನಿಂತ್ಲಾ?" ಎಂದು ಕೇಳಿದರು.

"ನೆಟ್ಟಗೆ ನಿಂತಿದಾಳೆ," ಅಂದಳು ಅಕ್ಕ. "ಕಣ್ಣು ಬಿಡಿ."

ಭಾವ ಇನ್ನೂ ಸ್ವಲ್ಪ ಹೊತ್ತು ಕಣ್ಣು ಬಿಡಲಿಲ್ಲ.